ಯಾರ ಕೈಗೆ ಕೂಸು

ವಿಜಯಪುರ
೧೨ ಜೂನ್ ೨೦೨೪

ಮಿನಾಜ,

ಫೋನಿದ್ದೂ ಕಾಗದ ಯಾಕೆ ಅಂತ ನಗಬೇಡ. ಹೋದ ವಾರ ನಾನು ಕಳಿಸಿದ ವಾಯ್ಸ್ ಮೆಸೇಜನ್ನು ನೀನು ವಾರ್ಡಿನ ನಟ್ಟನಡುವೆ ನಿಂತು ಗಟ್ಟಿಯಾಗಿ ಹಚ್ಚಿದೆ. ನಾನು ಇಲ್ಲಿಯ ದೊಡ್ಡ ಡಾಕ್ಟರನ್ನು ಬೈದದ್ದನ್ನು ಆಯಾ ಬಾನುಬಿಯಿಂದ ಹಿಡಿದು ಗೇಟಿನ ಹೊರಗೆ ಚಹಾ ಮಾರುವವನ ತನಕ ಎಲ್ಲರೂ ಕೇಳಿದರು. ಇನ್ನು ಮುಂದೆ ನನ್ನ ಮಾತೇನಿದ್ದರೂ ಕಾಗದದಲ್ಲೇ. ನಮ್ಮ ಲಾಡಲೇಸಾಬ ತಿಕೋಟಾದಿಂದ ರಕ್ತದ ಸ್ಯಾಂಪಲ್ಲುಗಳನ್ನು ವ್ಯಾನಿನಲ್ಲಿ ದಿನಾ ಇಲ್ಲಿಗೆ ತರುತ್ತಾನಲ್ಲ, ಮರಳಿ ಒಯ್ಯುವ ಖಾಲಿ ಡಬ್ಬಿಯಲ್ಲಿ ಇದು ನಿನಗೆ ತಲುಪುತ್ತದೆ.

ನನ್ನ ಬಡ್ತಿಯ ವೈಭವ ಕೇಳು. ಇಪ್ಪತ್ತೆರಡು ವರ್ಷ ತಿಕೋಟಾದ ಹೆರಿಗೆ ಕೋಣೆಯಲ್ಲಿ ನಿಂತವಳನ್ನು ಟ್ರಸ್ಟಿನವರು ಸೊಲ್ಲಾಪುರ ರಸ್ತೆಯ ತಮ್ಮ ಈ ದೊಡ್ಡ ಆಸ್ಪತ್ರೆಗೆ ತಂದು, ಮೂರನೇ ಮಹಡಿಯಲ್ಲಿ, ಗಾಲಿಯಿರುವ ಕುರ್ಚಿಯ ಮೇಲೆ ಕೂಡಿಸಿದ್ದಾರೆ. ತಣ್ಣನೆಯ ಗಾಳಿ, ಗಾಜಿನ ಬಾಗಿಲು. ಯಾವ ನರ್ಸ್ ಕೈ ತೊಳೆದಳು, ಯಾವಳು ತೊಳೆಯಲಿಲ್ಲ ಎಂದು ನೋಡಿ ಗುರುತು ಹಾಕುವುದು ನನ್ನ ಕೆಲಸ. ನಾನು ಬಂದರೆ ಹುಡುಗಿಯರು ಮಾತು ನಿಲ್ಲಿಸುತ್ತಾರೆ. ದಾನೇಶ್ವರಿ ಅನ್ನುವ ಹೆಸರು ಇಲ್ಲಿ ಯಾರಿಗೂ ಬೇಡ, ನಾನು 'ಕ್ವಾಲಿಟಿ ಮೇಡಂ'.

ಹೆರಿಗೆ ಕೋಣೆ ಇರುವುದು ಕೆಳಗೆ. ಮುಂಜಾನೆ ಲಿಫ್ಟಿಗೆ ಕಾಯುವಾಗ ಒಳಗಿನಿಂದ ಕೂಸಿನ ಮೊದಲ ಅಳು ಕೇಳುತ್ತದೆ. ಹಸಿದು ಹೋಗುವಾಗ ಬೇರೆಯವರ ಮನೆಯ ಒಗ್ಗರಣೆ ವಾಸನೆ ಬಂದ ಹಾಗೆ ಆಗುತ್ತದೆ. ಲಿಫ್ಟ್ ಬಂದು ಹೋದರೂ ನಾನು ಅಲ್ಲೇ ನಿಂತಿರುತ್ತೇನೆ.

ಸಂಜೆ ಬಬಲೇಶ್ವರಕ್ಕೆ ಹೋದರೆ ನಮ್ಮ ಮನೆಯವರು ಭೀಮಾಶಂಕರ ಬೇರೆ ಚೇಷ್ಟೆ ಮಾಡುತ್ತಾರೆ. "ಮಂದಿ ಮನ್ಯಾಗ ಹೆಂಡತಿಗಿ ಸವತಿ ಬರತಾಳ. ನನಗ ತಿಕೋಟಾ ದವಾಖಾನಿನ ಸವತಿ ಆಗಿತ್ತ. ಈಗರ ಬಿಟ್ಟ ಬಂದಾಳಂದ್ರ, ಗಂಡ ಸತ್ತವರಂಗ ಮಾರಿ ಮಾಡಕೊಂಡ ಕುಂತಾಳ. ಏ, ನಾ ಇಲ್ಲೇ ಜೀವಂತ ಅದೇನಿ ಬೇ!" ಎನ್ನುತ್ತಾರೆ. ನಗು ಬರುತ್ತದೆ.

ಮುಚ್ಚಿಟ್ಟು ಏನು ಮಾಡಲಿ, ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚು. ನಾನೇ ಕಲಿಸಿದ ಹುಡುಗಿ ನನ್ನ ಜಾಗದಲ್ಲಿ ನಿಂತಿದ್ದಾಳೆ, ಅದಕ್ಕೆ. ಮರಳಿ ತಿಕೋಟಾಕ್ಕೆ ಕಳಿಸಿ ಎಂದು ಅರ್ಜಿ ಹಾಕಿದ್ದೇನೆ. ಆ ಕೋಣೆಗೆ ಮುಖ್ಯ ನರ್ಸ್ ಒಬ್ಬಳೇ ಎನ್ನುವುದು ನಿನಗೂ ಗೊತ್ತು, ನನಗೂ ಗೊತ್ತು. ನಿನ್ನನ್ನು ಎಲ್ಲಿಗೆ ಹಾಕಬೇಕೆಂದು ಅವರು ನೋಡಿಕೊಳ್ಳುತ್ತಾರೆ.

ಒಂದೇ ಒಂದು ಮಾತಿಗೆ ಉತ್ತರ ಬರೆ. ಅಲ್ಲಿ ನನ್ನನ್ನು ಯಾರಾದರೂ ಕೇಳುತ್ತಾರೆಯೇ?

ನಿನ್ನ ಅಕ್ಕ,
ದಾನೇಶ್ವರಿ

* * *

ತಿಕೋಟಾ
೨೦ ಜೂನ್ ೨೦೨೪

ಅಕ್ಕಾರಿಗೆ ಮಿನಾಜಳ ಸಲಾಂ.

ಯಾರಾದರೂ ಕೇಳುತ್ತಾರೆಯೇ ಎಂದಿರಿ. ಕೇಳದವರು ಯಾರು ಎಂದಿದ್ದರೆ ಉತ್ತರ ಸುಲಭವಿತ್ತು.

ಬಸುರಿಯನ್ನು ಆಟೋದಿಂದ ಇಳಿಸುವ ಮೊದಲೇ ಅವಳ ಅತ್ತೆಯೋ ತಾಯಿಯೋ ಬಾಗಿಲಿಗೆ ಬಂದು ನಿಲ್ಲುತ್ತಾರೆ. "ದಾನೇಶ್ವರಿ ಸಿಸ್ಟರ್ ಎಲ್ಲಿ ಅದಾರ್ರಿ? ಅವರ ಕೈಗುಣ ಛಲೋ ಐತಿ ಅಂತ ಬಂದೀವಿ." ವರ್ಗ ಆಗಿದೆ ಎಂದು ಹೇಳಿದರೆ, ಸಾವಿನ ಸುದ್ದಿ ತಂದವಳನ್ನು ನೋಡಿದಂತೆ ನನ್ನನ್ನು ನೋಡುತ್ತಾರೆ. ಮೊನ್ನೆ ಒಬ್ಬ ಅಜ್ಜಿ, ಹಾಗಾದರೆ ಈಗ ಯಾರಿದ್ದಾರೆ ಎಂದು ಕೇಳಿದಳು. ಬಿಳಿ ಬಟ್ಟೆ ಹಾಕಿಕೊಂಡು ಅವಳ ಎದುರಿಗೇ ನಿಂತಿದ್ದೆ. "ನಾ ಅದೇನಲ್ರಿ ಆಯಿ" ಎಂದೆ. "ನೀ ಅದಿ ಬಿಡವಾ. ದೊಡ್ಡವರು ಯಾರ ಅದಾರ?" ಎಂದಳು.

ಟ್ರಸ್ಟಿನ ಆಫೀಸಿನಿಂದ ಒಬ್ಬ ಹುಡುಗಿ ಬಂದಿದ್ದಳು. ನರ್ಸುಗಳು ಕೆಲಸ ಬಿಟ್ಟು ಹೋಗುತ್ತಿದ್ದಾರಂತೆ, ಯಾರಿಗೆ ಕೆಲಸದ ಮೇಲೆ ಎಷ್ಟು ಪ್ರೀತಿ ಇದೆ ಎಂದು ಒಂದರಿಂದ ಐದರೊಳಗೆ ಹೇಳಬೇಕಂತೆ. ಡ್ಯೂಟಿ ಹಂಚಿಕೆ ಸರಿಯಿದೆಯೇ, ಮೇಲಿನವರು ಗೌರವ ಕೊಡುತ್ತಾರೆಯೇ, ಜೊತೆಯವರು ಹೇಗೆ, ಕೂಡಲು ಜಾಗ ಇದೆಯೇ ಎಂದೆಲ್ಲ ಕೇಳಿದಳು. ಡ್ಯೂಟಿ ಸರಿಯಿದೆ, ಡಾಕ್ಟರು ಈಗ ಒದರುವುದನ್ನು ಬಿಟ್ಟಿದ್ದಾರೆ, ಬಾನುಬಿಯ ಚಹಾ ನೀರು ಎಂದೆ. ಮತ್ತೆ ಬೇಜಾರು ಯಾವುದಕ್ಕೆ ಎಂದಳು. ಇಲ್ಲಿಲ್ಲದ ಒಬ್ಬರ ಹೆಸರಿನ ಕೈಕೆಳಗೆ ಕೆಲಸ ಮಾಡುವುದಕ್ಕೆ ಎಂದೆ. ಪಾಪ, ಅವಳಿಗೆ ತಿಳಿಯಲಿಲ್ಲ. ಮೂರು ಎಂದು ಬರೆದುಕೊಂಡು ಹೋದಳು.

ಅರ್ಜಿ ಹಾಕುವ ಮೊದಲು ನನಗೊಂದು ಮಾತು ಹೇಳಬಹುದಿತ್ತು. ನನ್ನನ್ನು ಈ ಕೋಣೆಗೆ ಕರೆದುಕೊಂಡವರು ನೀವು. ನಾಲ್ಕು ವರ್ಷ ನಿಮ್ಮ ಎಡಗಡೆ ನಿಂತು ಕೂಸನ್ನು ಬಟ್ಟೆಯಲ್ಲಿ ಹಿಡಿದುಕೊಂಡಿದ್ದೇನೆ. ಮೊದಲ ಕೈ ಯಾವಾಗಲೂ ನಿಮ್ಮದೇ. ಈಗ ಆ ಜಾಗ ನನಗೆ ಬಂದು ಎರಡು ತಿಂಗಳೂ ಆಗಿಲ್ಲ. ಹೊಟ್ಟೆಕಿಚ್ಚು ನಿಮ್ಮೊಬ್ಬರ ಆಸ್ತಿ ಅಂದುಕೊಳ್ಳಬೇಡಿ, ಅಕ್ಕಾರೇ. ನೀವು ಹೋಗಿಯೂ ಹೋಗಿಲ್ಲವಲ್ಲ, ಅದಕ್ಕೆ ನನಗೂ ಇದೆ.

ಹೆರಿಗೆಗಳು ಮಾತ್ರ ಸುಸೂತ್ರ ಆಗುತ್ತಿವೆ. ಹೇಗೆ ಎಂದು ಕೇಳಬೇಡಿ.

ನಿಮ್ಮ,
ಮಿನಾಜ

* * *

ವಿಜಯಪುರ
೮ ಜುಲೈ ೨೦೨೪

ಮಿನಾಜ,

ಹೇಗೆ ಎಂದು ಕೇಳಬೇಡಿ ಅಂದಿದ್ದೆ. ಕೇಳಲಿಲ್ಲ. ಲಾಡಲೇಸಾಬ ತಾನೇ ಹೇಳಿದ.

ಡಬ್ಬಿ ಇಳಿಸಿ, ಮೀಸೆಯಲ್ಲೇ ನಗುತ್ತ ಬಂದ. "ಅಕ್ಕಾರ, ನಿಮ್ಮ ಫೋನಿಗಿ ಭಾಳ ಕೆಲಸ ಬಿದ್ದೈತಿ ಅನಸ್ತೈತಿ. ತಿಕೋಟಾದಾಗ ಹುಟ್ಟೂ ಕೂಸೆಲ್ಲಾ ನಿಮ್ಮ ದನಿ ಕೇಳಿನ ಹೊರಗ ಬರಾಕತ್ತಾವಂತ." ನನಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಬಿಡಿಸಿ ಹೇಳಿದ. ಬೇನೆ ತಿನ್ನುವವಳು ದಾನೇಶ್ವರಿ ಸಿಸ್ಟರ್ ಬೇಕು ಎಂದು ಹಟ ಹಿಡಿದರೆ ನೀನು ಫೋನು ಕಿವಿಗೆ ಇಡುತ್ತೀಯಂತೆ. "ಹಾಂ ಅಕ್ಕಾರ, ಹೂಂ ಅಕ್ಕಾರ, ಆತ್ರಿ ಅಕ್ಕಾರ" ಅನ್ನುತ್ತೀಯಂತೆ. ಆಮೇಲೆ ಆ ಹೆಂಗಸಿಗೆ, "ಸಿಸ್ಟರ್ ಹೇಳಾಕತ್ತಾರ ನೋಡವಾ, ಏನೂ ಅಂಜಬ್ಯಾಡಂತ, ಇನ್ನೊಮ್ಮೆ ಜೋರ ಕೊಡಂತ" ಎನ್ನುತ್ತೀಯಂತೆ. ಅವಳು ಜೋರು ಕೊಡುತ್ತಾಳಂತೆ. ಆ ಹೊತ್ತಿಗೆ ನಾನು ಇಲ್ಲಿ ಯಾರದೋ ಉಗುರು ನೋಡುತ್ತ ಕೂತಿರುತ್ತೇನೆ.

ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ!

ಮೊದಲು ನಕ್ಕೆ, ಸುಳ್ಳು ಹೇಳುವುದಿಲ್ಲ. ಲಾಡಲೇಸಾಬನೂ ನಕ್ಕ. ಸಂಜೆ ಬಬಲೇಶ್ವರದ ಬಸ್ಸಿನಲ್ಲಿ ಕೂತ ಮೇಲೆ ಆ ನಗು ಹುಳಿಯಾಯಿತು. ನನ್ನ ಹೆಸರು ಅಲ್ಲಿ ಡ್ಯೂಟಿ ಮಾಡುತ್ತಿದೆ, ನಾನು ಮಾತ್ರ ಗಾಲಿ ಕುರ್ಚಿಯ ಮೇಲೆ ತಿರುಗುತ್ತಿದ್ದೇನೆ. ಯಾವಳೋ ನನ್ನನ್ನು ನಂಬಿ ಹಡೆಯುತ್ತಾಳೆ, ಕೂಸು ನಿನ್ನ ಕೈಗೆ ಬೀಳುತ್ತದೆ. ಬಾಣಂತಿಗೆ ಮಾಡಿದ ಅಂಟಿನುಂಡಿ ಕಟ್ಟಿಕೊಂಡು ಬಂದು ಅವರು ಯಾರ ಕೈಗೆ ಕೊಡುತ್ತಾರೆ? ನನಗೇನು ಲಾಡಲೇಸಾಬನ ಡಬ್ಬಿಯಲ್ಲಿ ಕಳಿಸಿದೆಯಾ? ನನ್ನ ಹೆಸರಿನ ಮೇಲೆಯೇ ನನಗೆ ಹೊಟ್ಟೆಕಿಚ್ಚು ಬರುವ ಹಾಗೆ ಮಾಡಿದೆಯಲ್ಲ ಹುಡುಗಿ.

ಇನ್ನೂ ಒಂದಿದೆ. ನಾನಿಲ್ಲದೆಯೂ ಅಲ್ಲಿ ಎಲ್ಲ ಸುಸೂತ್ರ ನಡೆದರೆ ಟ್ರಸ್ಟಿನವರು ನನ್ನನ್ನು ಮರಳಿ ಯಾಕೆ ಕಳಿಸುತ್ತಾರೆ? ಇದನ್ನು ಬರೆಯಬಾರದಿತ್ತು, ಬರೆದಾಯಿತು.

ಆ ನಾಟಕ ನಿಲ್ಲಿಸು. ನನ್ನ ಕೈಗುಣ ನನ್ನ ಕೈಯಲ್ಲೇ ಇರಲಿ. ನಿನ್ನದೇನಿದೆಯೋ ಅದನ್ನು ತೋರಿಸು.

ದಾನೇಶ್ವರಿ

* * *

ತಿಕೋಟಾ
೧೦ ಜುಲೈ ೨೦೨೪

ಅಕ್ಕಾರಿಗೆ,

ನಿಲ್ಲಿಸಿದ್ದೇನೆ. ಬಂದವರಿಗೆ ನೇರ ಹೇಳುತ್ತಿದ್ದೇನೆ: ದಾನೇಶ್ವರಿ ಸಿಸ್ಟರ್ ಇಲ್ಲಿಲ್ಲ, ಫೋನೂ ಮಾಡುವುದಿಲ್ಲ, ಇರುವವಳು ನಾನು.

ಇವತ್ತು ಇಬ್ಬರು ಎದ್ದು ಹೋದರು. ನಿಮಗೆ ಸಂತೋಷವಾಗಲಿ ಎಂದು ತಿಳಿಸಿದೆ.

ಮಿನಾಜ

* * *

ವಿಜಯಪುರ
೧೭ ಆಗಸ್ಟ್ ೨೦೨೪

ಮಿನಾಜ,

ತಿಂಗಳ ಮೇಲಾಯಿತು ನಮ್ಮ ನಡುವೆ ಕಾಗದವಿಲ್ಲದೆ. ಇದನ್ನು ನಾನೇ ಬರೆಯಬೇಕು, ಬೇರೆಯವರ ಬಾಯಿಂದ ನಿನಗೆ ತಿಳಿಯಬಾರದು.

ಹೋದ ವಾರ ದುಂಡವ್ವನ ಸೊಸೆ ನಿನ್ನಲ್ಲಿಂದ ಎದ್ದು ಬಂದಳು, ಬೇನೆ ಜೋರಾದ ಮೇಲೆ. ಈಗ ಹೋಗಬೇಡಿ, ದಾರಿಯಲ್ಲಿ ಆಗಿಬಿಡುತ್ತದೆ ಎಂದು ನೀನು ಬಾಗಿಲಿಗೆ ಅಡ್ಡ ನಿಂತೆಯಂತೆ. ದುಂಡವ್ವ ಕೇಳಲಿಲ್ಲ. ಇಬ್ಬರು ಮೊಮ್ಮಕ್ಕಳನ್ನು ಹಿಡಿದದ್ದು ದಾನೇಶ್ವರಿಯ ಕೈ, ಮೂರನೆಯದಕ್ಕೂ ಅದೇ ಬೇಕು ಎಂದು ಜೀಪು ಮಾಡಿಕೊಂಡು ಹೊರಟಳು. ತೊರವಿ ದಾಟುವ ಹೊತ್ತಿಗೆ ನೀರು ಹೋಗಿದೆ. ಇಲ್ಲಿ ಬಾಗಿಲಿಗೆ ಬಂದಾಗ ತಲೆ ಕಾಣುತ್ತಿತ್ತು.

ನನಗೆ ಮೇಲೆ ಫೋನ್ ಬಂತು. ತಿಕೋಟಾದವರು ಯಾರೋ ದಾನೇಶ್ವರಿ ಸಿಸ್ಟರ್ ಬೇಕು ಎಂದು ಕೂಗುತ್ತಿದ್ದಾರೆ ಅಂದರು. ಆ ಮಾತು ಕೇಳಿ ನನಗೆ ಏನಾಯಿತು ಗೊತ್ತೇ? ಹೆದರಿಕೆಯಾಗಲಿಲ್ಲ, ಖುಷಿಯಾಯಿತು. ಲಿಫ್ಟಿಗೂ ಕಾಯದೆ ಇಳಿದೆ, ಚಪ್ಪಲಿ ಒಂದು ಮೆಟ್ಟಿಲ ಮೇಲೇ ಉಳಿಯಿತು. ಹೆರಿಗೆ ಕೋಣೆಯ ಬಾಗಿಲಲ್ಲಿ ಒಬ್ಬ ಸಣ್ಣ ವಯಸ್ಸಿನ ಡಾಕ್ಟರಮ್ಮ ಕೈ ಅಡ್ಡ ಮಾಡಿದಳು. "ಮೇಡಂ, ನೀವ್ ಇಲ್ಲಿ ಸ್ಟಾಫ್ ಅಲ್ಲರಿ. ಹೊರಗ ನಿಲ್ರಿ." ಹೊರಗೆ ನಿಂತೆ. ಒಳಗೆ ದುಂಡವ್ವನ ಸೊಸೆ ನನ್ನ ಹೆಸರು ಕರೆಯುತ್ತಿದ್ದಳು, ನಾನು ಬಾಗಿಲ ಈ ಕಡೆ ಒಂದು ಕಾಲಲ್ಲಿ ಚಪ್ಪಲಿ ಹಾಕಿಕೊಂಡು ನಿಂತಿದ್ದೆ. ಕೂಸು ಹುಟ್ಟಿತು, ಅಳಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಬೆಕ್ಕಿನ ಮರಿಯ ಹಾಗೆ ಒಂದು ದನಿ ಬಂತು. ಗಾಜಿನ ಪೆಟ್ಟಿಗೆಯಲ್ಲಿಟ್ಟು ಉಳಿಸಿದರು. ನಿನ್ನೆಯಿಂದ ತಾಯಿಯ ಹಾಲು ಕುಡಿಯುತ್ತಿದೆ, ಭಯವಿಲ್ಲ.

ದುಂಡವ್ವ ನನ್ನನ್ನು ಹಿಡಿದು ಅಲ್ಲಾಡಿಸಿದಳು. "ನೀವ್ ಬರೂದು ಆಗದಿದ್ರ ಬಿಡ್ರಿ. ಫೋನಿನ್ಯಾಗರ ಒಂದ ಮಾತ ಹೇಳಬಾರದೇನ್ರಿ ಸಿಸ್ಟರ? ಎಲ್ಲಾರಿಗೂ ಹೇಳತಿದ್ರಿ, ನನ್ನ ಸೊಸಿ ಏನ ಪಾಪ ಮಾಡಿದ್ಲು?" ನಿನ್ನ ನಾಟಕ ನಿಲ್ಲಿಸಿದವಳು ನಾನು, ಕೂಸು ಗಾಜಿನ ಪೆಟ್ಟಿಗೆಗೆ ಹೋದದ್ದು ಅದಕ್ಕೇ.

ಇದರ ಮೇಲೆ ಟ್ರಸ್ಟಿನವರ ಸಭೆಯಾಯಿತು. ತಿಕೋಟಾದಿಂದ ಮಂದಿ ಎದ್ದು ಹೋಗುತ್ತಿದ್ದಾರೆ, ಆ ಹುಡುಗಿಯ ಮೇಲೆ ಅವರಿಗೆ ನಂಬಿಕೆಯಿಲ್ಲ ಎಂದು ತೀರ್ಮಾನವಾಯಿತು. ಸೆಪ್ಟೆಂಬರ್ ಒಂದರಿಂದ ನಾನು ತಿಕೋಟಾಕ್ಕೆ. ನಿನ್ನನ್ನು ಇಲ್ಲಿ ಮೂಳೆ ಮುರಿದ ಗಂಡಸರ ವಾರ್ಡಿಗೆ ಹಾಕಿದ್ದಾರೆ. ತಪ್ಪು ನಿನ್ನದಲ್ಲ ಎಂದು ನಾನು ಸಭೆಯಲ್ಲಿ ಹೇಳಬೇಕಿತ್ತು. ಬಾಯಿ ತನಕ ಬಂತು. ಹೇಳಿದರೆ ಆದೇಶ ನಿಲ್ಲುತ್ತಿತ್ತು.

ಬೈಯುವುದಿದ್ದರೆ ಬೈ. ನಾನು ಬರುತ್ತಿದ್ದೇನೆ.

ದಾನೇಶ್ವರಿ

* * *

ತಿಕೋಟಾ
೧೯ ಆಗಸ್ಟ್ ೨೦೨೪

ದಾನೇಶ್ವರಿ ಸಿಸ್ಟರ್ ಅವರಿಗೆ,

ಬೈಯುವುದಿಲ್ಲ. ನಿಮ್ಮ ಹತ್ತಿರವೇ ಕಲಿತ ಬೈಗುಳಗಳು, ನಿಮಗೆ ಹೊಸದೇನೂ ಸಿಗುವುದಿಲ್ಲ.

ಮನೆಯಲ್ಲಿ ಅಬ್ಬಾ ಈ ನೌಕರಿಯೇ ಬಿಡು ಎನ್ನುತ್ತಿದ್ದಾರೆ. ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ನಮ್ಮ ಕಾಕಾನ ಔಷಧಿ ಅಂಗಡಿಯಿದೆ, ಕೂತು ಮಾಡುವ ಕೆಲಸ, ಹಬ್ಬಕ್ಕೆ ರಜೆ. ಹೋದ ತಿಂಗಳಾಗಿದ್ದರೆ ಹೂಂ ಎನ್ನುತ್ತಿದ್ದೆ. ಈಗ ಆಗುತ್ತಿಲ್ಲ. ಯಾಕೆ ಎಂದು ಹೇಳುತ್ತೇನೆ, ನೀವಲ್ಲದೆ ಇದು ಬೇರೆ ಯಾರಿಗೂ ತಿಳಿಯುವ ಮಾತಲ್ಲ.

ಸುಮಯ್ಯಾ ಎಂದು ಒಬ್ಬಳಿದ್ದಾಳೆ, ತಿಕೋಟಾದವಳೇ, ಮೊದಲ ಬಸಿರು. ತೋರಿಸಿಕೊಳ್ಳಲು ಬಂದಾಗ ಸಾಲಿನಲ್ಲಿ ಕೂತಿದ್ದವಳು ಬಾನುಬಿಯನ್ನು ಕರೆದು ಕೇಳಿದಳಂತೆ, "ಮಿನಾಜ ಸಿಸ್ಟರ್ ಡ್ಯೂಟಿ ಯಾವಾಗ ಐತ್ರಿ? ನಾ ಅವರ ಕಡೇನ ತೋರಸಾಕಿ." ಬಾನುಬಿ ಓಡಿ ಬಂದು ನನಗೆ ಹೇಳಿದಳು. ನಾನು ನಂಬಲಿಲ್ಲ, ಹೊರಗೆ ಹೋಗಿ ಅವಳ ಬಾಯಿಂದಲೇ ಮತ್ತೊಮ್ಮೆ ಹೇಳಿಸಿದೆ. ನಾಚಿಕೆಯಿಲ್ಲದವಳು ಎನ್ನಿ ಬೇಕಾದರೆ. ಅವತ್ತು ಮೂರು ಜನರ ಕೆಲಸ ಒಬ್ಬಳೇ ಮಾಡಿದೆ, ದಣಿವಾಗಲಿಲ್ಲ. ಆಫೀಸಿನ ಹುಡುಗಿ ಅವತ್ತು ಬಂದಿದ್ದರೆ ಐದು ಬರೆಸುತ್ತಿದ್ದೆ.

ನಿಮಗೆ ಇಪ್ಪತ್ತೆರಡು ವರ್ಷ ಇಂಥವರು ಸಾವಿರ ಸಿಕ್ಕಿರಬೇಕು. ನನಗೆ ಒಬ್ಬಳು ಸಿಕ್ಕಿದ್ದಾಳೆ. ಸೆಪ್ಟೆಂಬರ್ ನಡುವೆ ಅವಳ ದಿನ. ಅವಳಿಗೆ ಮಾತು ಕೊಟ್ಟಿದ್ದೇನೆ, ಎಲ್ಲಿದ್ದರೂ ಬರುತ್ತೇನೆ ಎಂದು. ಬೇನೆ ಶುರುವಾದರೆ ವ್ಯಾನ್ ಕಳಿಸಿ. ರಜೆ ಹಾಕಿಯಾದರೂ ಬರುತ್ತೇನೆ.

ಕುರ್ಚಿ ತಗೊಳ್ಳಿ, ಕೋಣೆ ತಗೊಳ್ಳಿ, ಬಾನುಬಿಯನ್ನೂ ತಗೊಳ್ಳಿ. ಸುಮಯ್ಯಾಳನ್ನು ನನಗೆ ಬಿಡಿ.

ಮಿನಾಜ

* * *

ತಿಕೋಟಾ
೧೬ ಸೆಪ್ಟೆಂಬರ್ ೨೦೨೪

ಮಿನಾಜ,

ಸುಮಯ್ಯಾ ನಿನ್ನೆ ಹಡೆದಳು. ಹೆಣ್ಣು ಕೂಸು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ.

ವ್ಯಾನ್ ಯಾಕೆ ಬರಲಿಲ್ಲ ಎಂದು ಕೇಳುತ್ತೀ. ಹೇಳುತ್ತೇನೆ. ಮುಂಜಾನೆಯೇ ಬಂದಳು, ಬೇನೆ ಇನ್ನೂ ಸಣ್ಣಗಿತ್ತು. ಬಂದವಳೇ, "ಮಿನಾಜ ಸಿಸ್ಟರ್‌ನ ಕರಸ್ರಿ, ವ್ಯಾನ್ ಕಳಸಿದ್ರ ಬರತೇನಿ ಅಂದಾರ" ಎಂದಳು. ಚೊಚ್ಚಲು ಹೆರಿಗೆ, ಇಡೀ ದಿನ ಮುಂದಿತ್ತು. ವ್ಯಾನ್ ಖಾಲಿ ನಿಂತಿತ್ತು. ಲಾಡಲೇಸಾಬ ಬಾಗಿಲ ತನಕ ಬಂದು, "ಕರಕೊಂಡ ಬರಲೇನ್ರಿ ಅಕ್ಕಾರ?" ಎಂದು ಕೇಳಿದ. ವಿಜಯಪುರ ಏನು ದೆಹಲಿಯೇ? ಅವನು ಚಹಾ ಕುಡಿದು ಹೊರಟಿದ್ದರೂ ನೀನು ಬಿಸಿಲೇರುವ ಮೊದಲು ಇಲ್ಲಿರುತ್ತಿದ್ದೆ.

ಬ್ಯಾಡ ಅಂದೆ.

ನಾನು ಬಂದು ಹದಿನೈದು ದಿನವಾಗಿತ್ತು. ಬಂದವರೆಲ್ಲ ನನ್ನ ಕೈ ಹಿಡಿದು ಅತ್ತಿದ್ದರು, ಎಲ್ಲೆಲ್ಲಿಂದಲೋ ಮಂದಿ ಮತ್ತೆ ಬರತೊಡಗಿದ್ದರು. ಅಷ್ಟು ಜನರ ನಡುವೆ ಈ ಒಬ್ಬಳು ಮಾತ್ರ ಬೇರೆ ಹೆಸರು ಹೇಳಿದಳು. ಆ ಒಬ್ಬಳನ್ನೂ ನಿನಗೆ ಬಿಡಲು ನನ್ನ ಮನಸ್ಸು ಒಪ್ಪಲಿಲ್ಲ. ಉಂಡು ತೇಗಿದವಳು ಮಗುವಿನ ಕೈಯ ತುತ್ತಿಗೆ ಆಸೆಪಟ್ಟ ಹಾಗಾಯಿತು.

ಅವಳು ಹಟ ಮಾಡಲಿಲ್ಲ. ಉಸಿರು ಹಿಡಿ ಎಂದಾಗ ಹಿಡಿದಳು, ಬಿಡು ಎಂದಾಗ ಬಿಟ್ಟಳು. ಎಲ್ಲದಕ್ಕೂ ಹೂಂ ಎಂದಳು. ಚೆನ್ನಾಗಿ ಕಲಿಸಿದ್ದೀ ಅವಳಿಗೆ. ಸಂಜೆ ಮುಂದೆ ಕೂಸು ನನ್ನ ಕೈಗೆ ಜಾರಿತು, ಬೆಚ್ಚಗೆ, ಒದ್ದೆಯಾಗಿ. ತಕ್ಷಣ ಅತ್ತಿತು. ನನ್ನ ಕೈ ಏನನ್ನೂ ಮರೆತಿರಲಿಲ್ಲ. ಒರೆಸಿ, ಬಟ್ಟೆ ಸುತ್ತಿ, "ನೋಡವಾ, ನಿನ್ನಂಗ ಅದಾಳ" ಎಂದು ಅವಳ ಮುಖದ ಹತ್ತಿರ ಹಿಡಿದೆ.

ಕೂಸನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿ, "ಮಿನಾಜ ಸಿಸ್ಟರ್ ಬರತಿದ್ರಲ್ರಿ. ಯಾಕ ಕರೀಲಿಲ್ರಿ?" ಎಂದಳು. ಸಿಟ್ಟಿರಲಿಲ್ಲ ಆ ದನಿಯಲ್ಲಿ, ತಿಳಿಯದೆ ಕೇಳಿದಳು. ವ್ಯಾನ್ ಇರಲಿಲ್ಲ ಎನ್ನಬೇಕೆಂದು ಬಾಯಿ ತೆರೆದೆ. ಅವಳ ಮಂಚದ ಪಕ್ಕದ ಕಿಟಕಿಯಲ್ಲಿ ವ್ಯಾನ್ ಕಾಣುತ್ತಿತ್ತು. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.

ಅಂಟಿನುಂಡಿಯ ಡಬ್ಬಿ ನನ್ನ ಕೈಗೇ ಕೊಟ್ಟರು. ಒಂದನ್ನು ಬಾಯಿಯ ತನಕ ತಂದು, ಮರಳಿ ಡಬ್ಬಿಗೇ ಹಾಕಿದೆ. ಇಷ್ಟು ವರ್ಷ ನನಗೆ ಈ ಕೆಲಸದ ಮೇಲೆ ಪ್ರೀತಿ ಎಂದುಕೊಂಡಿದ್ದೆ. ನಿನ್ನೆ ಕೆಲಸವೇನೋ ನನ್ನ ಕೈಯಲ್ಲೇ ಇತ್ತು, ಅವಳು ಕರೆದದ್ದು ನನ್ನನ್ನಲ್ಲ. ಕರೆಯದೇ ಇದ್ದವಳ ಮನೆಯಲ್ಲಿ ಹೋಳಿಗೆ ಉಂಡು ಬಂದ ಹಾಗಿದೆ ನನ್ನ ಸ್ಥಿತಿ.

ಟ್ರಸ್ಟಿನವರಿಗೆ ಇವತ್ತು ಬರೆದು ಹಾಕಿದ್ದೇನೆ. ಫೋನು ನಿಲ್ಲಿಸಲು ಹೇಳಿದವಳು ನಾನು, ದುಂಡವ್ವನ ಸೊಸೆಯನ್ನು ತಡೆಯಲು ನಿಂತವಳು ನೀನು ಎಂದು. ಅವರು ಏನು ಮಾಡುತ್ತಾರೋ ಮಾಡಲಿ.

ಬುಧವಾರ ನಿನಗೆ ವಾರದ ರಜೆ ಎಂದು ಲಾಡಲೇಸಾಬ ಹೇಳಿದ. ಸುಮಯ್ಯಾ ಗುರುವಾರದ ತನಕ ಇರುತ್ತಾಳೆ. ಬಾ. ಅವನು ಮುಂಜಾನೆಯೇ ನಿನ್ನನ್ನು ಕರೆಯಲು ಬರುತ್ತಾನೆ. ಅವತ್ತು ನಾನು ರಜೆ ಹಾಕಿ ಬಬಲೇಶ್ವರದಲ್ಲಿರುತ್ತೇನೆ. ಅವಳು ನಿನ್ನ ಕೈಗೆ ಕೂಸು ಕೊಡುವುದನ್ನು ನಿಂತು ನೋಡುವಷ್ಟು ದೊಡ್ಡ ಮನಸ್ಸು ದೇವರು ನನಗೆ ಕೊಟ್ಟಿಲ್ಲ.

ದಾನೇಶ್ವರಿ

* * *

ತಿಕೋಟಾ
೧೮ ಸೆಪ್ಟೆಂಬರ್ ೨೦೨೪

ಅಕ್ಕಾರಿಗೆ,

ನಿಮ್ಮ ಮೇಜಿನ ಮೇಲೆಯೇ ಕೂತು ಇದನ್ನು ಬರೆಯುತ್ತಿದ್ದೇನೆ. ಬಾನುಬಿಯ ಹತ್ತಿರ ಕೊಟ್ಟು ಹೋಗುತ್ತೇನೆ.

ನಿಮ್ಮ ಮೇಲೆ ಸಿಟ್ಟಿದೆ. ಈ ಸಿಟ್ಟು ಬೇಗ ಇಳಿಯುವುದಿಲ್ಲ, ಇಳಿಸಲು ನನಗೂ ಮನಸ್ಸಿಲ್ಲ. ಆ ಮೊದಲ ಅಳು ನನ್ನದಾಗಿತ್ತು. ಅದನ್ನು ನಿಮಗೆ ಮರಳಿ ಕೊಡಲು ಬರುವುದಿಲ್ಲ.

ಸುಮಯ್ಯಾ ನನ್ನನ್ನು ನೋಡಿ ಎದ್ದು ಕೂತಳು. "ತಡಾ ಮಾಡಿದ್ರಿ ಸಿಸ್ಟರ" ಎಂದಳು, ಅಷ್ಟೆ. ಕೂಸನ್ನು ಎತ್ತಿ ನನ್ನ ಕೈಗೆ ಹಾಕಿದಳು. ಅದು ನನ್ನ ಬೆರಳು ಹಿಡಿದುಕೊಂಡಿತು. ನಾನು ಅತ್ತೆ, ಅವಳು ಅತ್ತಳು, ಬಾನುಬಿ ನಮ್ಮಿಬ್ಬರಿಗಿಂತ ಹೆಚ್ಚು ಅತ್ತಳು. ಇದಕ್ಕಾಗಿ ಎಷ್ಟು ದಿನ ಕಾದಿದ್ದೆ! ಮೂಳೆ ವಾರ್ಡಿನಲ್ಲಿ ಪ್ಲಾಸ್ಟರ್ ಕತ್ತರಿಸುವಾಗಲೂ ಇದೇ ಕನಸು.

ಆದರೆ ನಾನು ಮತ್ತೆ ಮತ್ತೆ ಬಾಗಿಲ ಕಡೆ ನೋಡುತ್ತಿದ್ದೆ. ಮೊದಲು ಯಾಕೆ ಎಂದು ನನಗೇ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ನನ್ನ ಕನಸಿನಲ್ಲಿ ನೀವು ಆ ಬಾಗಿಲಲ್ಲಿ ನಿಂತಿರುತ್ತಿದ್ದಿರಿ. ನಿಂತು ನೋಡಿ, ಹೊಟ್ಟೆ ಉರಿದುಕೊಂಡು, ಸೆರಗು ಕೊಡವಿ ಹೊರಗೆ ಹೋಗುತ್ತಿದ್ದಿರಿ. ನೀವಿಲ್ಲದೆ ಆ ಖುಷಿ ಅರ್ಧಕ್ಕೇ ನಿಂತಿತು. ಬಬಲೇಶ್ವರದಲ್ಲಿ ಕೂತು ಅದನ್ನೂ ನೀವೇ ತಗೊಂಡಿರಿ.

ಟ್ರಸ್ಟಿನವರಿಗೆ ಅರ್ಜಿಯೊಂದನ್ನು ಬರೆದು ಈ ಕಾಗದದ ಜೊತೆಗೇ ಇಟ್ಟಿದ್ದೇನೆ. ನನ್ನನ್ನು ಮರಳಿ ತಿಕೋಟಾಕ್ಕೆ ಹಾಕಿ ಎಂದು ಕೇಳಿದ್ದೇನೆ, ನಿಮ್ಮ ಜಾಗಕ್ಕಲ್ಲ, ನಿಮ್ಮ ಪಕ್ಕಕ್ಕೆ. ಕರೆದವಳ ಕೂಸು, ಯಾರನ್ನು ಕರೆದಳೋ ಅವರ ಕೈಗೆ. ಉಳಿದವರು ಎಡಗಡೆ ಬಟ್ಟೆ ಹಿಡಿದು ನಿಲ್ಲುವುದು. ಒಪ್ಪಿಗೆಯಿದ್ದರೆ ಕೆಳಗೆ ನೀವೂ ಸಹಿ ಮಾಡಿ ಕಳಿಸಿ.

ನನ್ನನ್ನು ಕರೆಯುವವರು ಇನ್ನೂ ಬರುತ್ತಾರೆ, ಅಕ್ಕಾರೇ. ಅವತ್ತು ರಜೆ ಹಾಕಿದರೆ ನೋಡಿ ಮತ್ತೆ.

ನಿಮ್ಮ,
ಮಿನಾಜ